ಒಂದೇ ವಿಸ್ಯಾಮ್ ಫೈಲು, ಮೂರು ಮೇನ್‌ಫ್ರೇಮ್ ಸಿಸ್ಟಮ್: ಲೆಕ್ಕ ತಪ್ಪದಂತೆ ಹಂಚಿಕೊಳ್ಳುವುದು ಹೇಗೆ

ಕಾಫಿ ಬೆಳೆಗಾರರ ಖಾತೆಗಳಿರುವ ಒಂದು ಫೈಲು ಐಬಿಎಂ ಮೇನ್‌ಫ್ರೇಮಿನ ಫೈಲ್ ವ್ಯವಸ್ಥೆಯಾದ ವಿಸ್ಯಾಮ್‌ನಲ್ಲಿ ಇದೆ ಎಂದಿಟ್ಟುಕೊಳ್ಳಿ. ಗೋಣಿಕೊಪ್ಪಲಿನ ಕೌಂಟರಿನಲ್ಲಿ 1041ನೇ ಖಾತೆಗೆ 15 ಚೀಲ ರೊಬಸ್ಟಾ ಚೆರ್ರಿ ಜಮೆ ಮಾಡುತ್ತಾರೆ. ಅದೇ ಹೊತ್ತಿಗೆ ಸೋಮವಾರಪೇಟೆಯಲ್ಲಿ 1043ನೇ ಖಾತೆಯಿಂದ 40 ಚೀಲ ಕಳೆಯುತ್ತಾರೆ. ಮೊದಲನೆಯದು ಎ ಸಿಸ್ಟಮ್‌ನಲ್ಲಿ ನಡೆಯುತ್ತದೆ, ಎರಡನೆಯದು ಬಿ ಸಿಸ್ಟಮ್‌ನಲ್ಲಿ. ಸಂಜೆ ತಾಳೆ ನೋಡಿದರೆ 1041ರ 15 ಚೀಲ ಇಲ್ಲ. ಯಾವ ಪ್ರೋಗ್ರಾಮೂ ಅಬೆಂಡ್ ಆಗಿಲ್ಲ, ಅಂದರೆ ಅರ್ಧದಲ್ಲಿ ಬಿದ್ದಿಲ್ಲ, ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ.

ಖಾತೆಗಳೇ ಬೇರೆ ಬೇರೆ ಆಗಿರುವಾಗ ಒಂದು ಇನ್ನೊಂದನ್ನು ಅಳಿಸಿದ್ದು ಹೇಗೆ? ವಿಸ್ಯಾಮ್ ಡಿಸ್ಕಿನಿಂದ ಒಂದೊಂದೇ ರೆಕಾರ್ಡ್ ತರುವುದಿಲ್ಲ, ಹಲವು ರೆಕಾರ್ಡುಗಳ ಕಟ್ಟಾದ ಇಡೀ ಕಂಟ್ರೋಲ್ ಇಂಟರ್ವಲ್ ತರುತ್ತದೆ. ಅದರ ಅಳತೆ 4096 ಬೈಟ್, ರೆಕಾರ್ಡಿನ ಉದ್ದ 200 ಬೈಟ್ ಆಗಿದ್ದರೆ ಒಂದರಲ್ಲಿ 20 ರೆಕಾರ್ಡ್ ಕೂರುತ್ತವೆ. 1041 ಮತ್ತು 1043 ಇರುವುದು ಒಂದೇ ಇಂಟರ್ವಲ್‌ನಲ್ಲಿ. ಎ ಅದನ್ನು ತನ್ನ ಬಫರಿಗೆ ಓದಿಕೊಂಡಿತು, ಬಿ ಕೂಡ ಓದಿಕೊಂಡಿತು. ಎ 15 ಚೀಲ ಸೇರಿಸಿ ಡಿಸ್ಕಿಗೆ ಬರೆಯಿತು. ಆಮೇಲೆ ಬಿ ತನ್ನ 40 ಚೀಲ ಕಳೆದು, ಹಳೆಯ 1041 ಇನ್ನೂ ಕೂತಿರುವ ಇಡೀ ಇಂಟರ್ವಲ್ಲನ್ನು ಅದರ ಮೇಲೆಯೇ ಬರೆಯಿತು. ಬಿ ಮುಟ್ಟಿದ್ದು 1043 ಮಾತ್ರ, ಅಳಿಸಿದ್ದು 1041ನ್ನು. ಒಂದು ಸಿಸ್ಟಮ್ ಹಾಕಿದ ಲಾಕ್ ಉಳಿದ ಸಿಸ್ಟಮ್‌ಗಳಿಗೆ ಕಾಣದಿದ್ದರೆ ಅದು ಲಾಕೇ ಅಲ್ಲ. ಕೆಳಗಿನ ಪ್ರತಿ ಹೆಜ್ಜೆಯ ಹಿಂದೆಯೂ ಇದೇ ಮಾತಿದೆ.

ಯಂತ್ರ ಇರುವುದು ದೂರದ ಡೇಟಾ ಸೆಂಟರಿನಲ್ಲಿ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಮನೆಯಿಂದ ಕೆಲಸ ಮಾಡುವವರ ಕೈಯಲ್ಲಿರುವುದು ಒಂದು ವಿಪಿಎನ್ ಮತ್ತು ಮೇನ್‌ಫ್ರೇಮ್ ಪರದೆ ತೋರಿಸುವ 3270 ಎಮ್ಯುಲೇಟರ್. ಅದಕ್ಕೆ ತಕ್ಕಂತೆ ಹುಷಾರಾಗಿರಬೇಕಾದ ಸಂಗತಿಗಳು ಕೊನೆಯಲ್ಲಿವೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ, ಕನ್ಸೋಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಮೊದಲು ಬುಡ ಗಟ್ಟಿ ಇದೆಯೇ ನೋಡಿ

ಫೈಲಿನ ಮಾತು ಆಮೇಲೆ, ಮೊದಲು ಡಿಸ್ಕ್ ನೋಡಬೇಕು. ಯಂತ್ರಕ್ಕೆ ಜೋಡಿಸಿದ ಸಾಧನಗಳ ವಿವರ ಇರುವ ಎಚ್‌ಸಿಡಿ ತೆರೆದು, ಫೈಲು ಕೂತಿರುವ ವಾಲ್ಯೂಮ್ (ಡಿಸ್ಕ್ ಘಟಕ) ಇರುವ ಡಿವೈಸ್ ಎಲ್ಲ ಸಿಸ್ಟಮ್‌ಗಳಲ್ಲೂ ಶೇರ್ಡ್ ಎಂದು ಗುರುತಾಗಿದೆಯೇ ನೋಡಿ. ಒಂದೇ ಒಂದು ಸಿಸ್ಟಮ್‌ನಲ್ಲಿ "ನೋ" ಎಂದಿದ್ದರೂ ಸಾಕು, ಆ ಸಿಸ್ಟಮ್‌ನ ರಿಸರ್ವ್ (ಡಿಸ್ಕಿಗೆ ಹಾಕುವ ಬೀಗ) ಡಿಸ್ಕಿನ ತನಕ ಹೋಗುವುದೇ ಇಲ್ಲ. ಪ್ರೋಗ್ರಾಮ್ ತಾನು ಬೀಗ ಹಾಕಿದ್ದೇನೆ ಎಂದು ನಂಬಿಕೊಂಡಿರುತ್ತದೆ, ಪಕ್ಕದ ಸಿಸ್ಟಮ್ ಸಲೀಸಾಗಿ ಬರೆಯುತ್ತಾ ಹೋಗುತ್ತದೆ. ಹೊಸ ಡಿಸ್ಕ್ ಸೇರಿಸಿದ ಮೇಲೆ ಜನ ಮರೆಯುವುದು ಇದನ್ನೇ.

ಎರಡನೆಯದು ಜಿಆರ್‌ಎಸ್. ಒಂದು ಸಿಸ್ಟಮ್ ಹಾಕಿದ ಎನ್‌ಕ್ಯೂ, ಅಂದರೆ ಒಂದು ಹೆಸರಿನ ಮೇಲಿನ ಲಾಕ್, ಉಳಿದ ಸಿಸ್ಟಮ್‌ಗಳಿಗೂ ತಿಳಿಯುವ ಹಾಗೆ ಮಾಡುವುದು ಇದರ ಕೆಲಸ. "ಡಿ ಜಿಆರ್‌ಎಸ್" ಕೊಟ್ಟರೆ ಅದು ರಿಂಗ್ ರೀತಿಯಲ್ಲಿದೆಯೋ ಸ್ಟಾರ್ ರೀತಿಯಲ್ಲಿದೆಯೋ ಗೊತ್ತಾಗುತ್ತದೆ. ಹಲವು ಸಿಸ್ಟಮ್‌ಗಳು ಕೂಡಿ ಒಂದರಂತೆ ಕೆಲಸ ಮಾಡುವ ಪ್ಯಾರಲಲ್ ಸಿಸ್‌ಪ್ಲೆಕ್ಸ್ ಇರುವಲ್ಲಿ ಸ್ಟಾರ್ ಬಿಟ್ಟು ಬೇರೆ ಯೋಚನೆ ಬೇಡ. ಅದಕ್ಕೆ ಎಲ್ಲ ಸಿಸ್ಟಮ್‌ಗಳೂ ಹಂಚಿಕೊಳ್ಳುವ ನೆನಪಾದ ಕಪ್ಲಿಂಗ್ ಫೆಸಿಲಿಟಿಯಲ್ಲಿ ಐಎಸ್‌ಜಿಲಾಕ್ ಎಂಬ ಸ್ಟ್ರಕ್ಚರ್ ಬೇಕು. ರಿಂಗ್‌ನಲ್ಲಿ ಪ್ರತಿ ಎನ್‌ಕ್ಯೂ ಎಲ್ಲ ಸಿಸ್ಟಮ್ ಸುತ್ತಿ ಬರಬೇಕು, ಸಿಸ್ಟಮ್ ಹೆಚ್ಚಿದಷ್ಟೂ ತಡ.

ಜಿಆರ್‌ಎಸ್‌ನಲ್ಲಿ ಮೂರು ಪಟ್ಟಿಗಳಿವೆ: ಸಿಸ್ಟಮ್ ಇನ್‌ಕ್ಲೂಷನ್, ಸಿಸ್ಟಮ್ಸ್ ಎಕ್ಸ್‌ಕ್ಲೂಷನ್, ರಿಸರ್ವ್ ಕನ್ವರ್ಷನ್. ಮೂರೂ ಪಟ್ಟಿಗಳು ಎಲ್ಲ ಸಿಸ್ಟಮ್‌ನಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಡೇಟಾಸೆಟ್ ಹೆಸರಿನ ಎನ್‌ಕ್ಯೂ ಆದ ಸಿಸ್‌ಡಿಎಸ್‌ಎನ್ ಮೂಲದಲ್ಲಿ ಒಂದೇ ಸಿಸ್ಟಮ್‌ಗೆ ಸೀಮಿತ. ಅದು ಇನ್‌ಕ್ಲೂಷನ್ ಪಟ್ಟಿಯಲ್ಲಿದ್ದರೆ ಮಾತ್ರ ಎಲ್ಲ ಕಡೆಗೂ ಹೋಗುತ್ತದೆ. ಇಲ್ಲದಿದ್ದರೆ ಎ ಸಿಸ್ಟಮ್‌ನ ಜಾಬ್ "ಡಿಸ್ಪ್ ಓಲ್ಡ್" ಎಂದು ಫೈಲನ್ನು ತನ್ನೊಬ್ಬನದಾಗಿ ಹಿಡಿದಿರುವಾಗಲೇ ಬಿ ಸಿಸ್ಟಮ್‌ನ ಜಾಬೂ ಅದನ್ನೇ ಹಿಡಿಯುತ್ತದೆ. ವಿಸ್ಯಾಮ್ ಓಪನ್ ಮಾಡುವಾಗ ಹಾಕುವ ಸಿಸ್‌ವಿಸ್ಯಾಮ್ ಎನ್‌ಕ್ಯೂ ಹಾಗಲ್ಲ, ಅದು ತಾನಾಗಿಯೇ ಎಲ್ಲ ಸಿಸ್ಟಮ್‌ಗೂ ಹೋಗುತ್ತದೆ. ಯಾರೂ ಅದನ್ನು ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿಲ್ಲ ಎಂಬುದನ್ನಷ್ಟೇ ಖಾತ್ರಿ ಮಾಡಿಕೊಳ್ಳಿ.

ರಿಸರ್ವ್ ಎಂದರೆ ಇಡೀ ವಾಲ್ಯೂಮಿಗೆ ಬೀಗ. ಯಾವ ಫೈಲು ಎಲ್ಲಿದೆ ಎಂದು ಬರೆದಿಡುವ ಕ್ಯಾಟಲಾಗಿನಲ್ಲಿ ಒಂದು ಸಾಲು ತಿದ್ದಲು ಒಂದು ಸಿಸ್ಟಮ್ ವಾಲ್ಯೂಮ್ ಹಿಡಿದರೆ, ಅದರಲ್ಲಿರುವ ಸಂಬಂಧವೇ ಇಲ್ಲದ ನೂರು ಫೈಲುಗಳಿಗೂ ಉಳಿದವರು ಕಾಯಬೇಕು. ಎರಡು ಸಿಸ್ಟಮ್ ಎರಡು ವಾಲ್ಯೂಮನ್ನು ತಿರುಗಾಮುರುಗಾ ಹಿಡಿದರೆ ಎರಡೂ ನಿಂತುಹೋಗುತ್ತವೆ. ಆದ್ದರಿಂದ ಸಿಸ್‌ವಿಟಿಒಸಿ, ಸಿಸ್‌ಐಜಿಜಿವಿ2, ಸಿಸ್‌ಜೆಡ್‌ವಿವಿಡಿಎಸ್ ಈ ಮೂರು ರಿಸರ್ವ್ ಹೆಸರುಗಳನ್ನೂ ಕನ್ವರ್ಷನ್ ಪಟ್ಟಿಗೆ ಹಾಕಿ, ಆಗ ರಿಸರ್ವ್ ಬದಲಿಗೆ ಎನ್‌ಕ್ಯೂ ಸಾಕಾಗುತ್ತದೆ. ಆದರೆ ಜಿಆರ್‌ಎಸ್ ಬಳಗದ ಹೊರಗಿರುವ ಯಾವುದಾದರೂ ಸಿಸ್ಟಮ್‌ಗೆ ಆ ಡಿಸ್ಕ್ ಜೋಡಣೆಯಾಗಿದ್ದರೆ ಹಾಗೆ ಮಾಡಬಾರದು. ಹೊರಗಿನವನಿಗೆ ಎನ್‌ಕ್ಯೂ ಕಾಣುವುದಿಲ್ಲ, ಅವನನ್ನು ತಡೆಯುವುದು ರಿಸರ್ವ್ ಒಂದೇ. ಟೆಸ್ಟ್ ಸಿಸ್ಟಮ್‌ಗೆ ಪ್ರೊಡಕ್ಷನ್ ಡಿಸ್ಕನ್ನು "ಓದಲಿಕ್ಕೆ ಮಾತ್ರ" ಎಂದು ತೋರಿಸಿಟ್ಟ ಕಡೆಗಳಲ್ಲಿ ಇದನ್ನು ಎರಡು ಸಲ ಪರೀಕ್ಷಿಸಿ.

ಶೇರ್‌ಆಪ್ಷನ್ಸ್‌ನ ಎರಡು ಅಂಕಿ

ಫೈಲು ಡಿಫೈನ್ ಮಾಡುವಾಗ ಕೊಡುವ ಈ ಎರಡು ಅಂಕಿಗಳನ್ನು ಬಹಳ ಮಂದಿ ಹಳೆಯ ಜಾಬ್‌ನ ಜೆಸಿಎಲ್‌ನಿಂದ ನಕಲು ಮಾಡಿ ಮುಂದೆ ಹೋಗುತ್ತಾರೆ. ಮೊದಲ ಅಂಕಿ ಒಂದೇ ಸಿಸ್ಟಮ್ ಅಥವಾ ಒಂದೇ ಜಿಆರ್‌ಎಸ್ ಬಳಗದೊಳಗಿನ ಹಂಚಿಕೆಗೆ, ಎರಡನೆಯದು ಅದರಾಚೆಯ ಸಿಸ್ಟಮ್‌ಗಳಿಗೆ. ಏನೂ ಕೊಡದಿದ್ದರೆ 1,3 ಆಗುತ್ತದೆ.

ಮೊದಲ ಅಂಕಿ 1 ಆದರೆ, ಬರೆಯುವವರು ಒಬ್ಬರಿದ್ದರೆ ಬೇರೆ ಯಾರೂ ಇರುವಂತಿಲ್ಲ, ಓದುವವರು ಮಾತ್ರ ಆದರೆ ಎಷ್ಟು ಜನವಾದರೂ ಸರಿ. 2 ಆದರೆ ಬರೆಯುವವರು ಒಬ್ಬರು, ಓದುವವರು ಎಷ್ಟಾದರೂ. ಕೊಡವರ ಒಕ್ಕದ (ಕೂಡು ಕುಟುಂಬದ) ಪರವಾಗಿ ಸಹಿ ಹಾಕುವವರು ಅದರ ಯಜಮಾನರಾದ ಪಟ್ಟೆದಾರರೊಬ್ಬರೇ, ಕಾಗದ ಓದಲು ಮನೆಮಂದಿಗೆಲ್ಲ ಅಡ್ಡಿಯಿಲ್ಲ ಎಂಬ ಹಾಗೆ. ಓದುವವರಿಗೆ ಹಳೆಯ ಬಫರಿನ ಅಂಕಿ ಸಿಗಬಹುದು, ಆ ಅಪಾಯ ಅವರದ್ದು. 3 ಆದರೆ ವಿಸ್ಯಾಮ್ ಕೈಕಟ್ಟಿ ಕೂರುತ್ತದೆ, ಯಾರು ಬೇಕಾದರೂ ಬರೆಯಬಹುದು, ಜವಾಬ್ದಾರಿ ಪೂರ್ತಿ ಪ್ರೋಗ್ರಾಮಿನದು. 4 ಕೂಡ ಹಾಗೆಯೇ, ಆದರೆ ಪ್ರತಿ ಡೈರೆಕ್ಟ್ ರಿಕ್ವೆಸ್ಟಿಗೂ ಬಫರನ್ನು ಹೊಸದಾಗಿ ಓದುತ್ತದೆ.

"3,3 ಇಟ್ಟರೆ ಹಂಚಿಕೆ ಆಗುತ್ತದೆ" ಎಂಬ ಮಾತು ಓಡಾಡುತ್ತಿರುತ್ತದೆ. ಓಪನ್ ಆಗುತ್ತದೆ ಅಷ್ಟೇ, ಹಂಚಿಕೆ ಆಗುವುದಿಲ್ಲ. ಮೇಲೆ ಹೇಳಿದ 15 ಚೀಲ ಹೋಗುವುದೇ 3ರಲ್ಲಿ. ಎರಡನೆಯ ಅಂಕಿ 4 ಇಟ್ಟರೆ ಬಫರ್ ಹಳಸುವುದಿಲ್ಲ ನಿಜ, ಆದರೆ ಕಂಟ್ರೋಲ್ ಏರಿಯಾ (ಇಂಟರ್ವಲ್‌ಗಳ ಗುಂಪು) ಒಡೆಯುವಂಥ ಅಥವಾ ಹೈ ಯೂಸ್ಡ್ ಆರ್‌ಬಿಎ (ಫೈಲಿನಲ್ಲಿ ಬಳಕೆಯಾದ ಜಾಗದ ಕೊನೆ) ಬದಲಾಗುವಂಥ ಸೇರ್ಪಡೆಗೆ ಬಿಡುವುದಿಲ್ಲ. ಹೊಸ ಖಾತೆಗಳು ಸೇರುತ್ತಲೇ ಇರುವ ಫೈಲಿಗೆ ಅದು ಆಗದ ಮಾತು.

ಬರೆಯುವ ಸಿಸ್ಟಮ್ ಒಂದೇ ಇದ್ದು ಉಳಿದವರು ವರದಿಗಾಗಿ ಮಾತ್ರ ಓದುವುದಾದರೆ 2,3 ಇಟ್ಟು ನೆಮ್ಮದಿಯಾಗಿರಿ, ಮುಂದಿನದ್ದೇನೂ ಬೇಡ. ಎರಡನೇ ಬರಹಗಾರ ಓಪನ್ ಮಾಡಲು ಹೋದಾಗ ಐಇಸಿ161ಐ ಮೆಸೇಜ್ 052-084 ಕೋಡಿನೊಂದಿಗೆ ಬರುತ್ತದೆ, ಪ್ರೋಗ್ರಾಮಿಗೆ ಓಪನ್ ಸೋತಿದೆ ಎನ್ನುವ ಎಸಿಬಿ ಎರರ್ 168 ಸಿಗುತ್ತದೆ. ಅದು ತೊಂದರೆಯಲ್ಲ, ರಕ್ಷಣೆ ಕೆಲಸ ಮಾಡುತ್ತಿದೆ ಎಂದರ್ಥ. ಆ ಮೆಸೇಜ್ ಹೋಗಲಾಡಿಸಲು ಅಂಕಿಯನ್ನು 3ಕ್ಕೆ ಬದಲಿಸುವವರೇ ಫೈಲು ಕೆಡಿಸುವುದು.

ಹಲವು ಸಿಸ್ಟಮ್‌ಗಳಿಂದ ಏಕಕಾಲಕ್ಕೆ ಬರೆಯಲೇಬೇಕು ಎಂದಾದರೆ ದಾರಿ ರೆಕಾರ್ಡ್ ಲೆವೆಲ್ ಶೇರಿಂಗ್, ಅಂದರೆ ಆರ್‌ಎಲ್‌ಎಸ್.

ಆರ್‌ಎಲ್‌ಎಸ್ ಕಟ್ಟುವ ಕ್ರಮ

ಇದರಲ್ಲಿ ಪ್ರತಿ ಸಿಸ್ಟಮ್‌ನಲ್ಲೂ ಎಸ್‌ಎಂಎಸ್‌ವಿಸ್ಯಾಮ್ ಎಂಬ ಅಡ್ರೆಸ್ ಸ್ಪೇಸ್ ಓಡುತ್ತದೆ. ಫೈಲಿಗೆ ಹೋಗುವ ಎಲ್ಲ ಓದು ಬರಹ ಅದರ ಕೈಯಿಂದಲೇ ನಡೆಯಬೇಕು. ಲಾಕ್ ಇರುವುದು ಕಪ್ಲಿಂಗ್ ಫೆಸಿಲಿಟಿಯಲ್ಲಿ, ಅದೂ ಇಂಟರ್ವಲ್ಲಿಗಲ್ಲ, ರೆಕಾರ್ಡಿಗೆ. ಒಂದು ಸಿಸ್ಟಮ್ ಇಂಟರ್ವಲ್ ಬದಲಿಸಿದ ಕೂಡಲೇ ಉಳಿದವುಗಳ ಬಫರಿನಲ್ಲಿರುವ ಅದರ ಪ್ರತಿ ಹಳತಾಯಿತು ಎಂದು ಗುರುತಾಗುತ್ತದೆ. ಒಂದು ಸಿಸ್‌ಪ್ಲೆಕ್ಸ್‌ನಲ್ಲಿ 32 ಸಿಸ್ಟಮ್ ತನಕ ಇರಬಹುದು. ಇಲ್ಲಿನ ಲೆಕ್ಕಗಳನ್ನು ಮೂರು ಸಿಸ್ಟಮ್, ಎರಡು ಕಪ್ಲಿಂಗ್ ಫೆಸಿಲಿಟಿ ಎಂದು ಹಿಡಿದು ಕೊಟ್ಟಿದೆ.

ಲಾಕ್ ಸ್ಟ್ರಕ್ಚರಿನ ಹೆಸರು ಐಜಿಡಬ್ಲ್ಯೂಲಾಕ್00. ಇದು ಕಡ್ಡಾಯ, ಬದಲಿಸುವಂತಿಲ್ಲ. ಅಳತೆಗೆ ಸೂತ್ರ: 10 ಎಂಬಿ ಗುಣಿಸು ಸಿಸ್ಟಮ್ ಸಂಖ್ಯೆ ಗುಣಿಸು ಲಾಕ್ ಎಂಟ್ರಿಯ ಗಾತ್ರ. ಎಂಟ್ರಿಯ ಗಾತ್ರವನ್ನು ತೀರ್ಮಾನಿಸುವುದು ಈಗ ಓಡುತ್ತಿರುವ ಸಿಸ್ಟಮ್‌ಗಳಲ್ಲ, ಸಿಸ್‌ಪ್ಲೆಕ್ಸಿನ ಮಾಹಿತಿ ಇರುವ ಕಪಲ್ ಡೇಟಾಸೆಟ್ ಫಾರ್ಮ್ಯಾಟ್ ಮಾಡುವಾಗ ಕೊಟ್ಟ ಮ್ಯಾಕ್ಸ್‌ಸಿಸ್ಟಮ್ ಬೆಲೆ. ಅದು 7 ಅಥವಾ ಕಡಿಮೆ ಇದ್ದರೆ 2 ಬೈಟ್, 8ರಿಂದ 23 ಇದ್ದರೆ 4, 24ರಿಂದ 32 ಇದ್ದರೆ 8. ಮ್ಯಾಕ್ಸ್‌ಸಿಸ್ಟಮ್ 4 ಎಂದಿದ್ದರೆ ನಮಗೆ 10 ಗುಣಿಸು 3 ಗುಣಿಸು 2, ಅಂದರೆ 60 ಎಂಬಿ, 64 ಕೊಡಿ. "ಇರಲಿ ಮುಂದಕ್ಕೆ" ಎಂದು ಮ್ಯಾಕ್ಸ್‌ಸಿಸ್ಟಮ್ 16 ಇಟ್ಟವರು ಅದೇ ಮೂರು ಸಿಸ್ಟಮ್‌ಗೆ 120 ಎಂಬಿ ತೆರಬೇಕು. ಜಾಗ ಕಡಿಮೆಯಾದರೆ ಬೇರೆ ಬೇರೆ ರೆಕಾರ್ಡುಗಳು ಟೇಬಲ್‌ನ ಒಂದೇ ಸಾಲಿಗೆ ಬಂದು ಬೀಳುತ್ತವೆ. ನಿಜವಾದ ಜಗಳವಿಲ್ಲದಿದ್ದರೂ ಸಿಸ್ಟಮ್‌ಗಳು ಒಂದನ್ನೊಂದು ಕೇಳಿಕೊಂಡು ಕೂರುತ್ತವೆ. ಫಾಲ್ಸ್ ಕಂಟೆನ್ಷನ್ ಎನ್ನುವುದು ಇದಕ್ಕೇ. ಕೊಯ್ಲಿನ ಸಮಯದಲ್ಲಿ ವಹಿವಾಟು ಏರಿದಾಗ ಅದೂ ಏರಿದರೆ ಅಳತೆಯನ್ನು ದುಪ್ಪಟ್ಟು ಮಾಡಿ.

ಕ್ಯಾಶ್ ಸ್ಟ್ರಕ್ಚರಿಗೆ ಹೆಸರು ನಿಮ್ಮಿಷ್ಟ. ಒಟ್ಟು ಅಳತೆ ಎಲ್ಲ ಸಿಸ್ಟಮ್‌ಗಳ ಲೋಕಲ್ ಬಫರ್ ಪೂಲ್ ಸೇರಿಸಿದಷ್ಟಿರಲಿ. ಆರ್‌ಎಲ್‌ಎಸ್ ಮ್ಯಾಕ್ಸ್ ಪೂಲ್ ಸೈಜ್ ಮುಟ್ಟದಿದ್ದರೆ 100 ಎಂಬಿ, ಮೂರು ಸಿಸ್ಟಮ್‌ಗೆ 300. ಅದನ್ನು 150ರಂತೆ ಎರಡು ಸ್ಟ್ರಕ್ಚರ್ ಮಾಡಿ, ಎರಡು ಕಪ್ಲಿಂಗ್ ಫೆಸಿಲಿಟಿಗೆ ಒಂದೊಂದು ಹಂಚಿ.

ಇವನ್ನು ಕಪ್ಲಿಂಗ್ ಫೆಸಿಲಿಟಿಯ ಸ್ಟ್ರಕ್ಚರುಗಳ ಪಟ್ಟಿ ಇರುವ ಸಿಎಫ್‌ಆರ್‌ಎಂ ಪಾಲಿಸಿಗೆ ಸೇರಿಸಲು ಐಎಕ್ಸ್‌ಸಿಎಂಐಎಪಿಯು ಯುಟಿಲಿಟಿ ಬಳಸಿ. ಎರಡು ಕಡೆ ಎಡವುತ್ತಾರೆ. ಒಂದು, ಸೈಜ್‌ನಲ್ಲಿ ಘಟಕ ಬರೆಯದಿದ್ದರೆ ಅದು ಕೆಬಿ. ಬರೀ 64 ಎಂದರೆ 64 ಕೆಬಿ ಆಗುತ್ತದೆ, 65536 ಎಂದು ಬರೆಯಿರಿ ಅಥವಾ ಅಂಕಿಯ ಕೊನೆಗೆ ಎಂ ಹಾಕಿ. ಎರಡು, ಪಾಲಿಸಿಗೆ ಸೇರ್ಪಡೆ ಎಂಬುದೇ ಇಲ್ಲ, ಹೊಸದು ಹಳೆಯದರ ಜಾಗದಲ್ಲಿ ಪೂರ್ತಿಯಾಗಿ ಕೂರುತ್ತದೆ. ಹೊಸ ಮೂರು ಸ್ಟ್ರಕ್ಚರ್ ಮಾತ್ರ ಬರೆದು ಪಾಲಿಸಿ ಶುರು ಮಾಡಿದರೆ ಜಿಆರ್‌ಎಸ್, ಡಿಬಿ2, ಲಾಗರ್ ಎಲ್ಲದರ ಸ್ಟ್ರಕ್ಚರುಗಳೂ ಅಳಿಸಬೇಕಾದ ಪಟ್ಟಿಗೆ ಹೋಗುತ್ತವೆ. ಹಳೆಯ ಪಾಲಿಸಿಯ ಪೂರ್ತಿ ಪ್ರತಿ ತೆಗೆದು, ಅದರ ಕೆಳಗೆ ಹೊಸದನ್ನು ಸೇರಿಸಿ, ಬೇರೆ ಹೆಸರಿನಲ್ಲಿ ಉಳಿಸಿ, ಆಮೇಲೆ "ಸೆಟ್‌ಎಕ್ಸ್‌ಸಿಎಫ್ ಸ್ಟಾರ್ಟ್ ಪಾಲಿಸಿ" ಕೊಡಿ. ತಪ್ಪಿದರೆ ಹಳೆಯ ಹೆಸರಿಗೆ ಮರಳಬಹುದು.

ಮುಂದಿನದು ಶೇರಿಂಗ್ ಕಂಟ್ರೋಲ್ ಡೇಟಾಸೆಟ್, ಅಂದರೆ ಎಸ್‌ಎಚ್‌ಸಿಡಿಎಸ್. ಕೌಂಟರಿನ ವಹಿವಾಟು ನಡೆಸುವ ಆನ್‌ಲೈನ್ ಸಾಫ್ಟ್‌ವೇರ್ ಆದ ಸಿಐಸಿಎಸ್‌ಗಳಲ್ಲಿ ಯಾವುದು ಯಾವ ಫೈಲು ತೆರೆದಿದೆ, ಯಾವ ಲಾಕ್ ಬಾಕಿ ಉಳಿದಿದೆ ಎಂಬ ಟಿಪ್ಪಣಿಯೆಲ್ಲ ಇಲ್ಲಿರುತ್ತದೆ. ಕಡಿಮೆಯೆಂದರೂ ಎರಡು ಆಕ್ಟಿವ್, ಒಂದು ಸ್ಪೇರ್ ಬೇಕು, ಮೂರೂ ಬೇರೆ ಬೇರೆ ವಾಲ್ಯೂಮಿನಲ್ಲಿ, ಎಲ್ಲ ಸಿಸ್ಟಮ್‌ಗೂ ಸಿಗುವ ಹಾಗೆ. ವಿಸ್ಯಾಮ್ ಫೈಲು ಸೃಷ್ಟಿಸುವ ಐಡಿಕ್ಯಾಮ್ಸ್ ಯುಟಿಲಿಟಿಯಲ್ಲಿ ಲೀನಿಯರ್ ಎಂದು, ಶೇರ್‌ಆಪ್ಷನ್ಸ್ 3,3 ಕೊಟ್ಟು ಡಿಫೈನ್ ಮಾಡಿ. ಶುರುವಿಗೆ 15 ಸಿಲಿಂಡರ್ ಪ್ರೈಮರಿ, 15 ಸೆಕೆಂಡರಿ ಕೊಡಿ. ಸ್ಟೋರೇಜ್ ಕ್ಲಾಸಿನಲ್ಲಿ ಗ್ಯಾರಂಟೀಡ್ ಸ್ಪೇಸ್ ಇರಲಿ, ಇಲ್ಲದಿದ್ದರೆ ನೀವು ಹೇಳಿದ ವಾಲ್ಯೂಮ್ ಬಿಟ್ಟು ಬೇರೆಲ್ಲೋ ಹೋಗಿ ಕೂರುತ್ತದೆ. ಹೆಸರಿಗೂ ನಿಯಮವಿದೆ: ಸಿಸ್1, ಡಿಎಫ್‌ಪಿಎಸ್‌ಎಚ್‌ಸಿಡಿಎಸ್, ಆಮೇಲೆ ನಿಮ್ಮ ಒಂದು ಪದ, ಕೊನೆಯಲ್ಲಿ ವಿ ಅಕ್ಷರ ಹಾಕಿ ವಾಲ್ಯೂಮಿನ ಆರಕ್ಷರದ ಹೆಸರು. ವಾಲ್ಯೂಮ್ ಎಸ್‌ಎಚ್‌ಸಿ001 ಆದರೆ ಕೊನೆಯ ಭಾಗ ವಿಎಸ್‌ಎಚ್‌ಸಿ001. ಇಲ್ಲಿ 3,3 ಕಂಡು ಗಾಬರಿಯಾಗಬೇಡಿ. ಇದನ್ನು ಮುಟ್ಟುವುದು ಎಸ್‌ಎಂಎಸ್‌ವಿಸ್ಯಾಮ್ ಮಾತ್ರ, ಸರದಿಯನ್ನು ಅದೇ ನೋಡಿಕೊಳ್ಳುತ್ತದೆ.

ಸ್ಟೋರೇಜ್ ಆಡಳಿತದ ಪರದೆಯಾದ ಐಎಸ್‌ಎಂಎಫ್‌ನಲ್ಲಿ ಕಂಟ್ರೋಲ್ ಡೇಟಾಸೆಟ್ ಪ್ಯಾನೆಲ್ ತೆರೆದು ಒಂದು ಕ್ಯಾಶ್ ಸೆಟ್ಟಿಗೆ ಹೆಸರು ಕೊಡಿ, ಅದರೊಳಗೆ ಎರಡೂ ಕ್ಯಾಶ್ ಸ್ಟ್ರಕ್ಚರುಗಳ ಹೆಸರು ಬರೆಯಿರಿ. ಪಾಲಿಸಿಯಲ್ಲಿ ಬರೆದ ಹೆಸರಿಗೂ ಇದಕ್ಕೂ ಒಂದಕ್ಷರ ವ್ಯತ್ಯಾಸವಿದ್ದರೂ ಕನೆಕ್ಟ್ ಆಗುವುದಿಲ್ಲ. ಆಮೇಲೆ ಆ ಕ್ಯಾಶ್ ಸೆಟ್ಟಿನ ಹೆಸರನ್ನು ಸ್ಟೋರೇಜ್ ಕ್ಲಾಸಿಗೆ ಹಾಕಿ ಕಾನ್ಫಿಗರೇಷನ್ ಆಕ್ಟಿವೇಟ್ ಮಾಡಿ. ಫೈಲಿನ ಸ್ಟೋರೇಜ್ ಕ್ಲಾಸಿನಲ್ಲಿ ಈ ಹೆಸರು ಖಾಲಿಯಿದ್ದರೆ ಆರ್‌ಎಲ್‌ಎಸ್ ಓಪನ್ ಸೋಲುತ್ತದೆ. ಹೊಸಬರಿಗೆ ಮೊದಲ ದಿನ ಸಿಗುವ ಸೋಲು ಸಾಮಾನ್ಯವಾಗಿ ಇದೇ.

ಐಜಿಡಿಎಸ್‌ಎಂಎಸ್ ಮೆಂಬರಿನಲ್ಲಿ ಆರ್‌ಎಲ್‌ಎಸ್‌ಇನಿಟ್ ಯೆಸ್ ಮಾಡಿ. ಅಲ್ಲಿಯೇ ಡೆಡ್‌ಲಾಕ್ ಡಿಟೆಕ್ಷನ್ ಇದೆ, ಅದನ್ನು ಹಾಗೇ ಬಿಡಬೇಡಿ. ಏನೂ ಬರೆಯದಿದ್ದರೆ 15,4: ಪ್ರತಿ 15 ಸೆಕೆಂಡಿಗೆ ಒಂದೊಂದು ಸಿಸ್ಟಮ್ ತನ್ನೊಳಗೆ ಹುಡುಕುತ್ತದೆ, ಅಂಥ ನಾಲ್ಕು ಸುತ್ತಿಗೊಮ್ಮೆ ಸಿಸ್ಟಮ್‌ಗಳ ನಡುವೆ ಹುಡುಕಾಟ. ಅಂದರೆ ಎರಡು ಸಿಸ್ಟಮ್ ಪರಸ್ಪರ ಸಿಕ್ಕಿಬಿದ್ದರೆ ಪತ್ತೆಯಾಗಲು ಒಂದು ನಿಮಿಷ. ಸಿಐಸಿಎಸ್‌ನಲ್ಲಿ ಲಾಕಿಗೆ ಕಾಯುವ ಮಿತಿಯಾದ ಎಫ್‌ಟೈಮ್‌ಔಟ್ ಮಾತ್ರ 30 ಸೆಕೆಂಡ್. ಹಾಗಾಗಿ ಡೆಡ್‌ಲಾಕ್ ಎಂದು ಗೊತ್ತಾಗುವ ಮೊದಲೇ ಟಾಸ್ಕ್ ಟೈಮ್‌ಔಟ್ ಆಗಿ ಎಎಫ್‌ಸಿವಿ ಅಬೆಂಡ್ ಬರುತ್ತದೆ. ನೀವು ಎಲ್ಲೋ ನಿಧಾನವಾಗಿದೆ ಎಂದು ಹುಡುಕುತ್ತೀರಿ, ನಿಜವಾದ ಕಾರಣ ಎರಡು ಪ್ರೋಗ್ರಾಮ್ ತಿರುಗಾಮುರುಗಾ ಕ್ರಮದಲ್ಲಿ ರೆಕಾರ್ಡ್ ಹಿಡಿಯುವುದು. ಡಿಟೆಕ್ಷನ್ನನ್ನು 5,2ಕ್ಕೆ ಇಳಿಸಿದರೆ ಹತ್ತು ಸೆಕೆಂಡಿನ ಸುಮಾರಿಗೆ ಎಎಫ್‌ಸಿಡಬ್ಲ್ಯೂ ಬರುತ್ತದೆ, ಕಾರಣ ಹೆಸರಿನಲ್ಲೇ ಕಾಣುತ್ತದೆ. ಮೂಲ ಪರಿಹಾರ ಪ್ರೋಗ್ರಾಮಿನಲ್ಲಿದೆ: ಒಂದು ವ್ಯವಹಾರದಲ್ಲಿ ಎರಡು ಖಾತೆ ತಿದ್ದುವುದಿದ್ದರೆ ಯಾವಾಗಲೂ ಚಿಕ್ಕ ಕೀ ಮೊದಲು, ದೊಡ್ಡದು ಆಮೇಲೆ.

ಇಷ್ಟಾದ ಮೇಲೆ ಒಂದು ಸಿಸ್ಟಮ್‌ನಲ್ಲಿ "ವಿ ಎಸ್‌ಎಂಎಸ್,ಎಸ್‌ಎಂಎಸ್‌ವಿಸ್ಯಾಮ್,ಆಕ್ಟಿವ್" ಕೊಡಿ. ಮೊದಲ ಸಲ ಅದು ಶೇರಿಂಗ್ ಕಂಟ್ರೋಲ್ ಡೇಟಾಸೆಟ್ ಕೇಳಿಕೊಂಡು ಕಾಯುತ್ತದೆ. "ವಿ ಎಸ್‌ಎಂಎಸ್,ಎಸ್‌ಎಚ್‌ಸಿಡಿಎಸ್" ಕಮಾಂಡಿನಲ್ಲಿ ಎರಡನ್ನು ನ್ಯೂ ಎಂದು, ಮೂರನೆಯದನ್ನು ನ್ಯೂಸ್ಪೇರ್ ಎಂದು ಸೇರಿಸಿ. ಇಲ್ಲಿ ಸಿಸ್1 ಮುಂತಾದ ಮೊದಲ ಎರಡು ಭಾಗ ಬೇಡ, ಉಳಿದ ಎರಡು ಭಾಗ ಸಾಕು. "ಡಿ ಎಸ್‌ಎಂಎಸ್,ಎಸ್‌ಎಂಎಸ್‌ವಿಸ್ಯಾಮ್,ಆಲ್" ಕೊಟ್ಟು ಮೂರೂ ಸಿಸ್ಟಮ್ ಆಕ್ಟಿವ್ ಎಂದು ನೋಡಿದ ಮೇಲೆ ಮಾತ್ರ ಫೈಲಿಗೆ ಕೈಹಾಕಿ.

ಫೈಲು ತೆರೆಯುವುದು

ಫೈಲು ಎಸ್‌ಎಂಎಸ್ (ಸಿಸ್ಟಮ್ ತಾನೇ ಸ್ಟೋರೇಜ್ ನೋಡಿಕೊಳ್ಳುವ ವ್ಯವಸ್ಥೆ) ಆಡಳಿತದಲ್ಲಿರಬೇಕು. ಕೆಎಸ್‌ಡಿಎಸ್, ಇಎಸ್‌ಡಿಎಸ್, ಆರ್‌ಆರ್‌ಡಿಎಸ್ ಬಗೆಯ ವಿಸ್ಯಾಮ್ ಫೈಲುಗಳು ಆಗುತ್ತವೆ, ಲೀನಿಯರ್ ಆಗುವುದಿಲ್ಲ. ಇಂಬೆಡ್, ಕೀರೇಂಜ್ ಇರುವ ಹಳೆಯ ಫೈಲುಗಳನ್ನು ಹೊಸದಾಗಿ ಡಿಫೈನ್ ಮಾಡಿ ತುಂಬಿಸಬೇಕು. ತುಂಬಿಸುವ ಮೊದಲ ಲೋಡನ್ನು ಆರ್‌ಎಲ್‌ಎಸ್ ಇಲ್ಲದೆಯೇ ಮಾಡಿ. ಲಕ್ಷಗಟ್ಟಲೆ ರೆಕಾರ್ಡಿಗೆ ಒಂದೊಂದಾಗಿ ಲಾಕ್ ಕೇಳುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಕ್ಯಾಟಲಾಗಿನಲ್ಲಿ ಲಾಗ್ ಎಂಬ ಗುಣ ನಿಗದಿಯಾಗಿರಲೇಬೇಕು, ಖಾಲಿ ಬಿಟ್ಟರೆ ಸಿಐಸಿಎಸ್ ಆರ್‌ಎಲ್‌ಎಸ್‌ನಲ್ಲಿ ತೆರೆಯಲು ಒಪ್ಪುವುದಿಲ್ಲ. ನನ್ ಎಂದರೆ ಮಧ್ಯದಲ್ಲಿ ಬಿದ್ದರೆ ಹಿಂದಕ್ಕೆ ತರುವ ವ್ಯವಸ್ಥೆ ಇಲ್ಲ. ಅಂಡು ಎಂದರೆ ಅರ್ಧಕ್ಕೆ ನಿಂತ ಬದಲಾವಣೆ ರದ್ದಾಗುತ್ತದೆ. ಆಲ್ ಎಂದರೆ ಬ್ಯಾಕಪ್‌ನಿಂದ ಮುಂದಕ್ಕೂ ತರಬಹುದು, ಅದಕ್ಕೆ ಲಾಗ್‌ಸ್ಟ್ರೀಮ್ ಹೆಸರೂ ಬೇಕು. ಹಣದ, ಚೀಲದ ಲೆಕ್ಕ ಇರುವ ಫೈಲಿಗೆ ಆಲ್ ಬಿಟ್ಟು ಕಡಿಮೆ ಕೊಡಬೇಡಿ. ಆಲ್ಟರ್ ಕಮಾಂಡಿನಲ್ಲೇ ಆಗುತ್ತದೆ.

ಸಿಐಸಿಎಸ್‌ನಲ್ಲಿ ಸಿಟ್ ಎಂಬ ಆರಂಭದ ಟೇಬಲ್‌ಗೆ ಆರ್‌ಎಲ್‌ಎಸ್ ಯೆಸ್, ಫೈಲ್ ಡೆಫಿನಿಷನ್ನಿಗೆ ಆರ್‌ಎಲ್‌ಎಸ್‌ಆಕ್ಸೆಸ್ ಯೆಸ್. ಇದಾದ ಮೇಲೆ ಆ ಡೆಫಿನಿಷನ್ನಿನಲ್ಲಿ ರಿಕವರಿ ಎಂದು ಏನು ಬರೆದಿದ್ದರೂ ಲೆಕ್ಕಕ್ಕಿಲ್ಲ, ಕ್ಯಾಟಲಾಗ್ ಹೇಳಿದ್ದೇ ಅಂತಿಮ. ಹಳೆಯ ವ್ಯವಸ್ಥೆಯಲ್ಲಿ ಎಲ್ಲ ರಿಕ್ವೆಸ್ಟನ್ನೂ ಒಂದು ಫೈಲ್ ಓನಿಂಗ್ ರೀಜನ್ನಿಗೆ ಕಳಿಸುತ್ತಿದ್ದರು, ಅದು ಬಿದ್ದರೆ ಎಲ್ಲರೂ ಬೀಳುತ್ತಿದ್ದರು. ಇನ್ನು ಅದು ಬೇಕಾಗಿಲ್ಲ.

ಬ್ಯಾಚ್ ಜಾಬ್ ಓದುವುದಕ್ಕೆ ಮಾತ್ರವಾದರೆ ಡಿಡಿ ಸಾಲಿನಲ್ಲಿ ಡಿಸ್ಪ್ ಶೇರ್ ಜೊತೆಗೆ ಆರ್‌ಎಲ್‌ಎಸ್ ಎನ್‌ಆರ್‌ಐ ಅಥವಾ ಸಿಆರ್ ಕೊಡಿ. ಎನ್‌ಆರ್‌ಐನಲ್ಲಿ ಇನ್ನೂ ಖಚಿತವಾಗದ ಅಂಕಿಯೂ ಓದಿಗೆ ಸಿಗುತ್ತದೆ, ದಿನದ ಅಂದಾಜು ವರದಿಗೆ ಸಾಕು. ಬೆಳೆಗಾರರಿಗೆ ಕೊಡುವ ಪಾವತಿ ಪಟ್ಟಿಗೆ ಸಿಆರ್ ಬೇಕು.

ಬ್ಯಾಚ್ ಬರೆಯಬೇಕಾದರೆ ಕತೆ ಬೇರೆ. ಲಾಗ್ ಅಂಡು ಅಥವಾ ಆಲ್ ಇರುವ ಫೈಲನ್ನು ಸಾಮಾನ್ಯ ಬ್ಯಾಚ್ ಆರ್‌ಎಲ್‌ಎಸ್‌ನಲ್ಲಿ ಬರೆಯಲು ತೆರೆಯಲಾರದು, ಏಕೆಂದರೆ ಅದಕ್ಕೆ ಹಿಂದಕ್ಕೆ ತರುವ ಶಕ್ತಿ ಇಲ್ಲ. ಎರಡು ದಾರಿಗಳಿವೆ. ಒಂದು, ಟ್ರಾನ್ಸಾಕ್ಷನಲ್ ವಿಸ್ಯಾಮ್ ತರುವುದು. ಅದಕ್ಕೆ ಪ್ರತ್ಯೇಕ ಲೈಸೆನ್ಸ್, ಕಮಿಟ್ ನಿಭಾಯಿಸುವ ಆರ್‌ಆರ್‌ಎಸ್, ಪ್ರತಿ ಸಿಸ್ಟಮ್‌ಗೂ ಅಂಡು ಮತ್ತು ಶಂಟ್ ಲಾಗ್ ಬೇಕು, ಪ್ರೋಗ್ರಾಮಿನಲ್ಲಿ ಆಗಾಗ ಕಮಿಟ್ (ಅಲ್ಲಿಯ ತನಕದ ಬದಲಾವಣೆ ಖಚಿತಪಡಿಸುವ) ಕರೆ ಸೇರಿಸಬೇಕು. ಕಮಿಟ್ ಇಲ್ಲದೆ ಓಡಿಸಿದರೆ ಜಾಬ್ ಮುಗಿಯುವ ತನಕ ಮುಟ್ಟಿದ ರೆಕಾರ್ಡೆಲ್ಲ ಲಾಕ್ ಆಗಿಯೇ ಇರುತ್ತವೆ, ಕೌಂಟರಿನಲ್ಲಿ ಜನ ಸಾಲುಗಟ್ಟುತ್ತಾರೆ. 200 ರೆಕಾರ್ಡಿಗೊಮ್ಮೆ ಎಂದು ಶುರು ಮಾಡಿ, ಆಮೇಲೆ ಅಳೆದು ಬದಲಿಸಿ.

ಎರಡನೇ ದಾರಿ, ರಾತ್ರಿ ಆನ್‌ಲೈನ್ ನಿಲ್ಲಿಸಿ ಬ್ಯಾಚಿಗೆ ಬಿಟ್ಟುಕೊಡುವುದು. ಒಂದು ಸಿಐಸಿಎಸ್‌ನಲ್ಲಿ ಸಿಇಎಂಟಿ ಸೆಟ್ ಡಿಎಸ್‌ನೇಮ್ ಕ್ವಯಸ್ಡ್ ಕೊಟ್ಟರೆ ಸಾಕು, ಎಸ್‌ಎಂಎಸ್‌ವಿಸ್ಯಾಮ್ ಎಲ್ಲ ಸಿಸ್ಟಮ್‌ಗಳ ಸಿಐಸಿಎಸ್‌ಗೂ ಹೇಳಿ ಮುಚ್ಚಿಸುತ್ತದೆ. ನಡೆಯುತ್ತಿರುವ ಕೆಲಸ ಮುಗಿಯುವ ತನಕ ಕಾಯುತ್ತದೆ. ಇಮ್‌ಕ್ವಯಸ್ಡ್ ಎಂದರೆ ಕಾಯುವುದಿಲ್ಲ, ಟಾಸ್ಕನ್ನೇ ಕಡಿಯುತ್ತದೆ, ಅದನ್ನು ತುರ್ತಿಗೆ ಮಾತ್ರ ಬಳಸಿ. ಬ್ಯಾಚ್ ಮುಗಿದ ಮೇಲೆ ಅನ್‌ಕ್ವಯಸ್ಡ್. ಈ ಗುರುತು ಕ್ಯಾಟಲಾಗಿನಲ್ಲಿ ಕೂತಿರುತ್ತದೆ, ಯಂತ್ರವನ್ನು ಐಪಿಎಲ್ ಮಾಡಿದರೂ, ಅಂದರೆ ಹೊಸದಾಗಿ ಎಬ್ಬಿಸಿದರೂ, ಹೋಗುವುದಿಲ್ಲ. ಬೆಳಿಗ್ಗೆ ಫೈಲು ತೆರೆಯುತ್ತಿಲ್ಲ ಎಂದರೆ ಮೊದಲು ನೋಡಬೇಕಾದ್ದು ಇದನ್ನೇ. ಬ್ಯಾಚಿನ ಕೊನೆಯ ಸ್ಟೆಪ್‌ನಲ್ಲಿ ಅನ್‌ಕ್ವಯಸ್ ಸೇರಿಸುವವರು, ಜಾಬ್ ಮಧ್ಯದಲ್ಲಿ ಬಿದ್ದರೆ ಆ ಸ್ಟೆಪ್ ಓಡಬಾರದು ಎಂಬುದನ್ನೂ ಬರೆಯಬೇಕು. ಅರ್ಧ ತಿದ್ದಿದ ಫೈಲು ಕೌಂಟರಿಗೆ ಹೋಗಬಾರದು.

ಕೈಕೊಡುವ ಜಾಗಗಳು

ಒಂದು ಸಿಐಸಿಎಸ್ ಬಿದ್ದಾಗ ಅದು ಅರ್ಧ ಮಾಡಿದ ಕೆಲಸದ ಲಾಕ್‌ಗಳು ರಿಟೈನ್ಡ್ ಆಗುತ್ತವೆ. ಸಾಮಾನ್ಯ ಲಾಕ್ ಆದರೆ ಬಂದವರು ಕಾಯುತ್ತಾರೆ. ರಿಟೈನ್ಡ್ ಆದರೆ ಕಾಯಿಸದೆ ಲಾಕ್ಡ್ ಎಂದು ಆ ಕ್ಷಣವೇ ವಾಪಸ್ ಕಳಿಸುತ್ತದೆ. ಅದೇ ಸರಿ, ಆ ರೆಕಾರ್ಡಿನ ಅಂಕಿ ಈಗ ನಂಬುವಂಥದ್ದಲ್ಲ. ಐಡಿಕ್ಯಾಮ್ಸ್‌ನಲ್ಲಿ ಎಸ್‌ಎಚ್‌ಸಿಡಿಎಸ್ ಲಿಸ್ಟ್‌ಸಬ್‌ಸಿಸ್ ಆಲ್ ಓಡಿಸಿದರೆ ಯಾರ ಲಾಕ್ ಬಾಕಿ ಇದೆ ಎಂದು ಸಿಗುತ್ತದೆ. ಪರಿಹಾರ ಒಂದೇ, ಆ ಸಿಐಸಿಎಸ್ಸನ್ನು ಸ್ಟಾರ್ಟ್ ಆಟೋ ಎಂದು ಎಬ್ಬಿಸಿ. ಅದು ತನ್ನ ಲಾಗ್ ಓದಿ ಅರ್ಧ ಕೆಲಸ ರದ್ದು ಮಾಡಿ ಲಾಕ್ ಬಿಡುತ್ತದೆ. ಬೇಗ ಏಳಲಿ ಎಂದು ಕೋಲ್ಡ್ ಸ್ಟಾರ್ಟ್ ಮಾಡಿದರೆ ಲಾಕ್ ಬಿಟ್ಟುಹೋಗುತ್ತದೆ, ಅರ್ಧ ಬದಲಾವಣೆ ಮಾತ್ರ ಫೈಲಿನಲ್ಲೇ ಉಳಿಯುತ್ತದೆ. ಮೇನ್‌ಫ್ರೇಮ್ ಕೆಲಸದಲ್ಲಿ ಇಷ್ಟು ಸದ್ದಿಲ್ಲದೆ ಲೆಕ್ಕ ಕೆಡಿಸುವ ಕ್ರಿಯೆ ಇನ್ನೊಂದಿಲ್ಲ.

ರಿಟೈನ್ಡ್ ಲಾಕ್ ಇರುವಾಗ ರಾತ್ರಿಯ ಬ್ಯಾಚ್ ಫೈಲನ್ನು ಬರೆಯಲು ತೆರೆಯಲಾಗುವುದಿಲ್ಲ. ಪರ್ಮಿಟ್‌ನಾನ್‌ಆರ್‌ಎಲ್‌ಎಸ್‌ಅಪ್‌ಡೇಟ್ ಎಂಬ ಕಮಾಂಡ್ ಬಾಗಿಲು ತೆರೆದುಕೊಡುತ್ತದೆ, ಆದರೆ ಆಮೇಲೆ ಸಿಐಸಿಎಸ್ ಎದ್ದಾಗ ಯಾವ ಬದಲಾವಣೆ ರದ್ದು ಮಾಡಬೇಕು, ಯಾವುದನ್ನು ಬ್ಯಾಚ್ ಈಗಾಗಲೇ ತಿದ್ದಿದೆ ಎಂಬುದನ್ನು ಅಪ್ಲಿಕೇಷನ್ ಗೊತ್ತಿರುವವರೇ ಕೂತು ನಿರ್ಧರಿಸಬೇಕು. ಅಂಥವರು ಆ ರಾತ್ರಿ ಫೋನಿಗೆ ಸಿಗದಿದ್ದರೆ ಬ್ಯಾಚ್ ತಡವಾಗಲಿ.

ಕಪ್ಲಿಂಗ್ ಫೆಸಿಲಿಟಿಯನ್ನು ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ಅದೊಂದೇ ಸತ್ತರೆ ಪ್ರತಿ ಎಸ್‌ಎಂಎಸ್‌ವಿಸ್ಯಾಮ್ ತನ್ನ ನೆನಪಿನಲ್ಲಿರುವ ಲಾಕ್‌ಗಳನ್ನು ಇನ್ನೊಂದು ಫೆಸಿಲಿಟಿಯಲ್ಲಿ ಮರುಕಟ್ಟುತ್ತದೆ. ಸಿಸ್ಟಮ್ ಒಂದೇ ಸತ್ತರೆ ಅದರ ಲಾಕ್ ಫೆಸಿಲಿಟಿಯಲ್ಲಿ ಉಳಿದಿರುತ್ತದೆ. ಎರಡೂ ಒಂದೇ ಪೆಟ್ಟಿಗೆಯೊಳಗಿದ್ದು ಆ ಪೆಟ್ಟಿಗೆಯೇ ಸತ್ತರೆ, ಸತ್ತ ಸಿಸ್ಟಮ್‌ನ ಲಾಕ್ ಎಲ್ಲಿಯೂ ಇಲ್ಲ. ಆಗ ಫೈಲುಗಳು ಲಾಸ್ಟ್ ಲಾಕ್ಸ್ ಸ್ಥಿತಿಗೆ ಹೋಗಿ, ಸಂಬಂಧಪಟ್ಟ ಸಿಐಸಿಎಸ್‌ಗಳೆಲ್ಲ ಚೇತರಿಸಿಕೊಳ್ಳುವ ತನಕ ಹೊಸ ಕೆಲಸ ನಿಲ್ಲುತ್ತದೆ. ಐಜಿಡಬ್ಲ್ಯೂಲಾಕ್00 ಇರುವ ಫೆಸಿಲಿಟಿ ಬೇರೆ ಪೆಟ್ಟಿಗೆಯಲ್ಲಿರಲಿ, ಅದಾಗದಿದ್ದರೆ ಡ್ಯುಪ್ಲೆಕ್ಸ್ ಎನೇಬಲ್ಡ್ ಮಾಡಿ.

ಪ್ರೋಗ್ರಾಮ್ ಮುಂತಾದ ಮೆಂಬರುಗಳನ್ನು ಇಡುವ ಪಿಡಿಎಸ್‌ಇ ಲೈಬ್ರರಿಗಳಿಗೆ ಒಂದೇ ಮಾತು: ಪಿಡಿಎಸ್‌ಇ ಶೇರಿಂಗ್ ಎಕ್ಸ್‌ಟೆಂಡೆಡ್ ಎಲ್ಲ ಸಿಸ್ಟಮ್‌ನಲ್ಲೂ ಇರಲಿ, ಸಿಸ್‌ಪ್ಲೆಕ್ಸಿನ ಹೊರಗಿನವರಿಗೆ ಅವನ್ನು ತೆರೆಯಲು ಬಿಡಬೇಡಿ. ಹೊರಗಿನವರು ಬರೆದರೆ ಲೈಬ್ರರಿ ಕೆಡುತ್ತದೆ.

ಇನ್ನು ಮನೆಯಿಂದ ಕೆಲಸ ಮಾಡುವವರ ಮಾತು. ಕಕ್ಕಡದ (ಜುಲೈ, ಆಗಸ್ಟ್) ಮಳೆಯಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟೂ ಲೈನೂ ಒಟ್ಟಿಗೆ ಹೋಗುವುದು ಕೊಡಗಿನಲ್ಲಿ ಹೊಸದಲ್ಲ. ಸೆಷನ್ ಕಡಿದ ಕೂಡಲೇ ನಿಮ್ಮ ಟಿಎಸ್‌ಒ (ಮೇನ್‌ಫ್ರೇಮಿನ ಲಾಗಾನ್ ಪರಿಸರ) ಯೂಸರ್ ಸಾಯುವುದಿಲ್ಲ. ಟಿಎಸ್‌ಒಕೀ ಮೆಂಬರಿನ ರಿಕಾನ್‌ಲಿಮ್‌ನಲ್ಲಿ ಎಷ್ಟು ನಿಮಿಷ ಬರೆದಿದೆಯೋ ಅಷ್ಟು ಹೊತ್ತು ಅದು ಅಲ್ಲಿಯೇ ಇರುತ್ತದೆ, ಎಡಿಟ್‌ನಲ್ಲಿ ತೆರೆದಿದ್ದ ಮೆಂಬರಿನ ಎಸ್‌ಪಿಎಫ್‌ಎಡಿಟ್ ಎನ್‌ಕ್ಯೂ, ಅಲೊಕೇಟ್ ಮಾಡಿದ್ದ ಡೇಟಾಸೆಟ್‌ಗಳ ಸಿಸ್‌ಡಿಎಸ್‌ಎನ್ ಎನ್‌ಕ್ಯೂ ಎಲ್ಲವನ್ನೂ ಹಿಡಿದುಕೊಂಡು. ಮೂರೂ ಸಿಸ್ಟಮ್‌ನಲ್ಲಿ ಅದಕ್ಕಾಗಿ ಕಾಯುವವರು ಕಾಯುತ್ತಲೇ ಇರುತ್ತಾರೆ. ಲೈನ್ ಬಂದ ಕೂಡಲೇ ಹೊಸ ಲಾಗಾನ್ ಬೇಡ, ರಿಕನೆಕ್ಟ್ ಗುರುತು ಹಾಕಿ ಹಳೆಯದಕ್ಕೇ ಸೇರಿಕೊಳ್ಳಿ. ಬರದಿದ್ದರೆ ಫೋನ್ ಮಾಡಿ ಆಪರೇಟರಿಗೆ ನಿಮ್ಮ ಯೂಸರನ್ನು ಕ್ಯಾನ್ಸಲ್ ಮಾಡಲು ಹೇಳಿ. "ಡಿ ಜಿಆರ್‌ಎಸ್,ಸಿ" ಕೊಟ್ಟರೆ ಯಾರು ಹಿಡಿದಿದ್ದಾರೆ, ಯಾರು ಕಾಯುತ್ತಿದ್ದಾರೆ ಎಂದು ಅವರಿಗೂ ಕಾಣುತ್ತದೆ.

ಪಾಲಿಸಿ ಬದಲಾವಣೆ, ಡಿಫೈನ್, ಆಲ್ಟರ್, ಎಸ್‌ಎಚ್‌ಸಿಡಿಎಸ್ ಕಮಾಂಡ್ ಯಾವುದನ್ನೂ ಟಿಎಸ್‌ಒ ಪರದೆಯ ಮೇಲೆ ಕೈಯಿಂದ ಓಡಿಸಬೇಡಿ. ಜಾಬ್ ಬರೆದು ಸಬ್ಮಿಟ್ ಮಾಡಿ, ನಿಮ್ಮ ಲೈನ್ ಕಡಿದರೂ ಜಾಬ್ ತನ್ನ ಪಾಡಿಗೆ ಮುಗಿಯುತ್ತದೆ. ಕನ್ಸೋಲಿನಲ್ಲೇ ಕೊಡಬೇಕಾದ ಸೆಟ್‌ಎಕ್ಸ್‌ಸಿಎಫ್, ವೇರಿ ಕಮಾಂಡ್‌ಗಳನ್ನು ಕ್ರಮವಾಗಿ ಬರೆದು, ಪ್ರತಿಯೊಂದರ ಕೆಳಗೆ ಬರಬೇಕಾದ ಉತ್ತರವನ್ನೂ ಬರೆದು, ಡೇಟಾ ಸೆಂಟರಿನಲ್ಲಿ ಕೂತಿರುವ ಇನ್ನೊಬ್ಬರ ಕೈಗೂ ಒಂದು ಪ್ರತಿ ಕೊಟ್ಟಿಡಿ. ಎಲ್ಲಿಗೆ ನಿಂತಿರಿ ಎಂದು ಫೋನಿನಲ್ಲಿ ಹೆಜ್ಜೆಯ ಸಂಖ್ಯೆ ಹೇಳಿದರೆ ಅವರು ಅಲ್ಲಿಂದ ಮುಂದುವರಿಸಬಹುದು.